ಬಿಸಿ ಎಲ್ಲಿ ನಿಂತಿತು? ಇಂಗ್ಲೆಂಡಿನ ಮನೆಯ ಬಾಯ್ಲರ್ ಕೈಕೊಟ್ಟಾಗ ಹುಡುಕುವ ಬಗೆ

ಒಂದು ಜನವರಿಯ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಬೆಂಗಳೂರಿನಿಂದ ಇಲ್ಲಿಗೆ ಬಂದು ಮೂರು ತಿಂಗಳಾಗಿದ್ದ ಹುಡುಗ. "ಅಣ್ಣಾ, ಮನೆಯೆಲ್ಲ ಐಸ್ ಆಗಿದೆ. ಬಾಯ್ಲರ್ ಗುಳುಗುಳು ಅಂತ ಸದ್ದು ಮಾಡಿ ನಿಂತುಬಿಡ್ತು. ಪುಟ್ಟ ಮಗು ಇದೆ, ಏನ್ ಮಾಡ್ಲಿ?" ರಾತ್ರಿ ಹೊರಗೆ ಮೈನಸ್ ಐದು ಡಿಗ್ರಿ ಇತ್ತು. ಗುಳುಗುಳು ಅಂದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಬಾಯ್ಲರಿನಿಂದ ಹೊರಗೋಡೆಗೆ ಹೋಗುವ ಪ್ಲಾಸ್ಟಿಕ್ ಪೈಪ್ ಹುಡುಕಲು ಹೇಳಿದೆ. ಕೆಟಲ್ ನೀರಿಗೆ ತಣ್ಣೀರು ಬೆರೆಸಿ, ಎರಡು ಜಗ್ ಬೆಚ್ಚಗಿನ ನೀರನ್ನು ಆ ಪೈಪಿನ ಮೇಲೆ ನಿಧಾನಕ್ಕೆ ಸುರಿದ. ಬಾಯ್ಲರ್ ರೀಸೆಟ್ ಮಾಡಿದ. ಅರ್ಧ ಗಂಟೆಯೊಳಗೆ ಕೋಣೆ ಬೆಚ್ಚಗಿಡುವ ಗೋಡೆಯ ರೇಡಿಯೇಟರ್ ಬಿಸಿಯಾಯಿತು.

ನಮ್ಮಲ್ಲಿ ಹೆಚ್ಚಿನವರು ಬಚ್ಚಲ ಹಂಡೆ ಅಥವಾ ಗೀಸರ್ ನೋಡಿ ಬೆಳೆದವರು. ಮನೆಯನ್ನೇ ಬಿಸಿ ಮಾಡುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಅದು ನಿಂತರೆ ಗಾಬರಿ. ಕೆಲವರು ಚಳಿಯಲ್ಲೇ ವಾರ ಕಳೆಯುತ್ತಾರೆ. ಕೆಲವರು ಎರಡು ನಿಮಿಷದ ಕೆಲಸಕ್ಕೆ ನೂರು ಪೌಂಡ್ ಕೊಡುತ್ತಾರೆ. ಇನ್ನು ಕೆಲವರು ಬಾಯ್ಲರಿನ ಮುಚ್ಚಳಕ್ಕೇ ಕೈ ಹಾಕುತ್ತಾರೆ. ಅದು ಮಾತ್ರ ಬೇಡ.

ನಾನು ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ ಪ್ರಶ್ನೆ: ಬಿಸಿ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ? ಅದನ್ನು ಕೈಯಿಂದ ಮುಟ್ಟಿ ಮುಟ್ಟಿ ಹುಡುಕುತ್ತಾ ಹೋದರೆ ದೋಷ ತಾನಾಗಿ ಸಿಗುತ್ತದೆ.

ಮೊದಲು ಗ್ಯಾಸ್ ವಿಷಯ

ಗ್ಯಾಸ್ ವಾಸನೆ ಬಂದರೆ ಮುಂದಿನದ್ದೇನೂ ಓದಬೇಡಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಕಿಟಕಿ ಬಾಗಿಲು ತೆಗೆಯಿರಿ. ಮೀಟರ್ ಹತ್ತಿರದ ಲಿವರನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿ. ಎಲ್ಲರೂ ಹೊರಗೆ ಹೋಗಿ 0800 111 999ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮನೆಯಲ್ಲಿದ್ದಾಗ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು. ಹೊರಗೆ ಹೋದರೆ ಕಡಿಮೆಯಾಗುವುದು. ಹೀಗಿದ್ದರೆ ಜ್ವರದ ಲಕ್ಷಣ ಅಂತ ಸುಮ್ಮನಿರಬೇಡಿ. ಬಾಯ್ಲರ್ ಆರಿಸಿ, ಹೊರಗೆ ಬನ್ನಿ, ಅದೇ ನಂಬರಿಗೆ ಫೋನ್ ಮಾಡಿ, ಡಾಕ್ಟರಿಗೂ ತೋರಿಸಿ. ಬಾಯ್ಲರ್ ಸುತ್ತ ಮಸಿ ಕಂಡರೂ ಅಷ್ಟೇ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಯಲ್ಲಿ ಗ್ಯಾಸ್ ಬಾಯ್ಲರ್ ಇರುವ, ಜನ ಬಳಸುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸುವುದು ಮಾಲೀಕರ ಜವಾಬ್ದಾರಿ. ಇಲ್ಲದಿದ್ದರೆ ಇವತ್ತೇ ಕೇಳಿ.

ಇನ್ನೊಂದು ಗೆರೆ. ಬಾಯ್ಲರಿನ ಮುಖ್ಯ ಕವಚ ತೆಗೆಯುವುದು ನಮ್ಮ ಕೆಲಸ ಅಲ್ಲ. ಹಲವು ಬಾಯ್ಲರುಗಳಲ್ಲಿ ಆ ಕವಚವೇ ಹೊಗೆ ಒಳಗೆ ಬರದ ಹಾಗೆ ಮುಚ್ಚಿಡುತ್ತದೆ. ಗ್ಯಾಸಿನ ಕೆಲಸ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಇರಲೇಬೇಕು. ಮೊದಲು ಕಾರ್ಗಿ ಅಂತಿದ್ದ ವ್ಯವಸ್ಥೆಯ ಜಾಗಕ್ಕೆ ಇದು 2009ರ ಏಪ್ರಿಲ್ 1ರಂದು ಬಂತು. ಹಳಬರು ಈಗಲೂ ಕಾರ್ಗಿ ಅಂತಾರೆ. ಇಲ್ಲಿ ನಾನು ಹೇಳುವುದೆಲ್ಲ ಕವಚದ ಹೊರಗಿನ ಕೆಲಸ.

ನಿಮ್ಮ ಮನೆಯಲ್ಲಿ ಯಾವ ಥರದ್ದಿದೆ?

ಬಾಯ್ಲರ್ ಗ್ಯಾಸ್ ಉರಿಸಿ ನೀರು ಕಾಯಿಸುತ್ತದೆ. ಪಂಪು ಆ ನೀರನ್ನು ರೇಡಿಯೇಟರುಗಳಿಗೆ ತಳ್ಳುತ್ತದೆ. ಬಿಸಿ ಬಿಟ್ಟುಕೊಟ್ಟ ನೀರು ವಾಪಸ್ ಬಾಯ್ಲರಿಗೆ ಬರುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ನಲ್ಲಿಯಲ್ಲಿ ಬರುವ ಬಿಸಿನೀರು ಬೇರೆ, ರೇಡಿಯೇಟರ್ ಒಳಗಿನ ನೀರು ಬೇರೆ. ಇದು ತಲೆಯಲ್ಲಿರಲಿ.

ಎಲ್ಲೂ ನೀರಿನ ಟ್ಯಾಂಕ್ ಇಲ್ಲ, ನಲ್ಲಿ ತೆರೆದರೆ ಬಾಯ್ಲರ್ ಹೊತ್ತಿಕೊಳ್ಳುತ್ತದೆ ಅಂದರೆ ಅದು ಕಾಂಬಿ. ಕಬೋರ್ಡಿನಲ್ಲಿ ಬಿಸಿನೀರು ತುಂಬಿಡುವ ದೊಡ್ಡ ಸಿಲಿಂಡರ್ ಇದ್ದು ಅಟ್ಟದಲ್ಲಿ ಟ್ಯಾಂಕ್ ಇಲ್ಲದಿದ್ದರೆ ಸಾಮಾನ್ಯವಾಗಿ ಸಿಸ್ಟಮ್ ಬಾಯ್ಲರ್. ಸಿಲಿಂಡರೂ ಇದೆ, ಅಟ್ಟದಲ್ಲಿ ಟ್ಯಾಂಕೂ ಇದೆ ಅಂದರೆ ಬಹುತೇಕ ಹಳೆಯ ಮಾದರಿ. ಬಾಡಿಗೆ ಮನೆಗಳಲ್ಲಿ ಜಾಸ್ತಿ ಸಿಗುವುದು ಕಾಂಬಿ. ನಾನೂ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲ ಐದು ನಿಮಿಷ

ಬಾಯ್ಲರಿನ ಪರದೆಯಲ್ಲಿ ಬೆಳಕಿದೆಯಾ? ಇಲ್ಲದಿದ್ದರೆ ಕರೆಂಟಿನ ತೊಂದರೆ. ಪಕ್ಕದ ಗೋಡೆಯಲ್ಲಿ ಫ್ಯೂಸ್ ಇರುವ ಸ್ವಿಚ್ ಇರುತ್ತದೆ. ಅಡುಗೆಮನೆ ಒರೆಸುವಾಗ ಯಾರದೋ ಕೈ ತಾಗಿ ಆಫ್ ಆಗಿರಬಹುದು. ಅದರೊಳಗಿನ 3 ಆಂಪ್ ಫ್ಯೂಸ್ ಹೋಗಿರಬಹುದು. ಮೇನ್ ಬೋರ್ಡಿನಲ್ಲಿ ಟ್ರಿಪ್ ಆಗಿರಬಹುದು. ಫ್ಯೂಸ್ ಬದಲಾಯಿಸಿದ ಮೇಲೂ ಮತ್ತೆ ಹೋದರೆ ಅಲ್ಲಿಗೇ ನಿಲ್ಲಿಸಿ. ಒಳಗೆಲ್ಲೋ ನೀರು ಸೋರಿ ಕರೆಂಟ್ ತಾಗುತ್ತಿರಬಹುದು.

ಗ್ಯಾಸ್ ಬರುತ್ತಿದೆಯಾ? ಗ್ಯಾಸ್ ಒಲೆ ಇದ್ದರೆ ಹೊತ್ತಿಸಿ ನೋಡಿ. ಪ್ರೀಪೇ ಮೀಟರ್ ಇರುವ ಮನೆಗಳಲ್ಲಿ ದುಡ್ಡು ಮುಗಿದಿರುವುದೇ ಎಷ್ಟೋ ಸಲ ಕಾರಣ.

ಕೋಣೆ ಎಷ್ಟು ಬೆಚ್ಚಗಿರಬೇಕು ಅಂತ ಬಾಯ್ಲರಿಗೆ ಹೇಳುವ ಥರ್ಮೋಸ್ಟಾಟ್ ಬಿಸಿ ಬೇಕು ಅಂತ ಕೇಳುತ್ತಿದೆಯಾ? ಅದನ್ನು ಕೋಣೆಯ ಈಗಿನ ಬಿಸಿಗಿಂತ ಐದು ಡಿಗ್ರಿ ಮೇಲೆ ಇಡಿ. ಎಷ್ಟೋ ಮಾದರಿಗಳಲ್ಲಿ ಟಿಕ್ ಅಂತ ಕೇಳಿಸುತ್ತದೆ. ವೈರ್ ಇಲ್ಲದ ಥರ್ಮೋಸ್ಟಾಟ್ ಆದರೆ ಬ್ಯಾಟರಿ ಬದಲಾಯಿಸಿ. ಟೈಮರ್ ನೋಡಿ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಬದಲಾಗುತ್ತದೆ, ಹಳೆಯ ಟೈಮರ್‌ಗಳಿಗೆ ಅದು ಗೊತ್ತಾಗುವುದಿಲ್ಲ. ಬಾಯ್ಲರಿನ ಮೇಲಿನ ಗುಂಡಿ ಬರೀ ನಲ್ಲಿಯ ಚಿತ್ರದ ಕಡೆಗೆ ತಿರುಗಿದ್ದರೆ ರೇಡಿಯೇಟರಿಗೆ ಬಿಸಿ ಹೋಗುವುದೇ ಇಲ್ಲ. ಬೇಸಿಗೆಯಲ್ಲಿ ಹಾಗೆ ಇಟ್ಟು ಮರೆತವರು ಬಹಳ ಜನ.

ಬಿಸಿನೀರಿನ ನಲ್ಲಿ ಹೇಳುವ ಸುದ್ದಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಿರಿ. ಬಾಯ್ಲರ್ ಹತ್ತಿರ ನಿಂತು ಕೇಳಿಸಿಕೊಳ್ಳಿ. ಮೊದಲು ಫ್ಯಾನ್ ತಿರುಗುವ ಸದ್ದು, ಆಮೇಲೆ ಟಕಟಕ ಕಿಡಿ, ಆಮೇಲೆ ಹೊತ್ತಿಕೊಂಡ ಉರಿಯ ಮೆಲ್ಲನೆಯ ಗಾಳಿ ಸದ್ದು.

ನಲ್ಲಿಯಲ್ಲಿ ಬಿಸಿನೀರು ಚೆನ್ನಾಗಿ ಬಂದು, ರೇಡಿಯೇಟರ್ ಮಾತ್ರ ತಣ್ಣಗಿದ್ದರೆ ಸಮಾಧಾನ ಪಟ್ಟುಕೊಳ್ಳಿ. ಗ್ಯಾಸ್, ಫ್ಯಾನ್, ಕಿಡಿ, ಉರಿ ಎಲ್ಲ ಸರಿಯಿವೆ. ತೊಂದರೆ ಹೆಚ್ಚಾಗಿ ಥರ್ಮೋಸ್ಟಾಟಿನಲ್ಲಿ, ಇಲ್ಲವೇ ಡೈವರ್ಟರ್ ವಾಲ್ವಿನಲ್ಲಿ. ಈ ವಾಲ್ವ್ ಕಾಂಬಿ ಒಳಗಿನ ಕವಲುದಾರಿ. ಬಿಸಿಯನ್ನು ನಲ್ಲಿಗೆ ಕಳಿಸಬೇಕೋ ರೇಡಿಯೇಟರಿಗೋ ಅಂತ ಅದು ದಾರಿ ಬದಲಾಯಿಸುತ್ತದೆ. ಅಂಟಿಕೊಂಡರೆ ಒಂದೇ ಕಡೆ ಬಿಸಿ. ಬೇಸಿಗೆಯಲ್ಲಿ ಹೀಟಿಂಗ್ ಆಫ್ ಇದ್ದು, ಸ್ನಾನ ಮಾಡಿದಾಗ ರೇಡಿಯೇಟರ್ ಬಿಸಿಯಾದರೂ ಇದೇ ವಾಲ್ವಿನ ಮೇಲೆ ಅನುಮಾನ.

ರೇಡಿಯೇಟರ್ ಬಿಸಿಯಿದ್ದು ನಲ್ಲಿ ನೀರು ಉಗುರುಬೆಚ್ಚಗೆ ಬಂದರೆ ಮತ್ತೆ ಡೈವರ್ಟರ್, ಇಲ್ಲವೇ ನಲ್ಲಿ ನೀರು ಕಾಯಿಸುವ ಪ್ಲೇಟಿನಲ್ಲಿ ಸುಣ್ಣ ಕಟ್ಟಿರುವುದು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನಲ್ಲಿ ನೀರು ತುಂಬ ಗಡಸು. ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ, ಅದೇ ಕಥೆ. ನೀರು ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬಂದರೂ ಈ ಪ್ಲೇಟನ್ನು ನೋಡಿಸಬೇಕು.

ಎರಡೂ ಇಲ್ಲ ಅಂದರೆ ಮುಂದೆ ಓದಿ.

ಪ್ರೆಶರ್ ಗೇಜ್

ಬಾಯ್ಲರಿನ ಮುಂದೆ ಅಥವಾ ಕೆಳಗೆ ಒಂದು ಚಿಕ್ಕ ಮುಳ್ಳಿನ ಗೇಜ್, ಇಲ್ಲದಿದ್ದರೆ ಪರದೆಯಲ್ಲಿ ಅಂಕಿ ಇರುತ್ತದೆ. ರೇಡಿಯೇಟರಿಗೆ ಸುತ್ತುವ ನೀರಿನ ಒತ್ತಡವನ್ನು ಅದು ಬಾರ್ ಲೆಕ್ಕದಲ್ಲಿ ತೋರಿಸುತ್ತದೆ. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಬಿಸಿಯಾದಾಗ 2ರ ಹತ್ತಿರ ಹೋದರೂ ಸರಿ. 0.5ಕ್ಕಿಂತ ಇಳಿದರೆ ಹೆಚ್ಚಿನ ಬಾಯ್ಲರುಗಳು ಹೊತ್ತಿಕೊಳ್ಳುವುದೇ ಇಲ್ಲ.

ಆಗ ನೀರು ತುಂಬಿಸುವುದು ಹೀಗೆ. ಬಾಯ್ಲರ್ ಆಫ್ ಮಾಡಿ, ತಣ್ಣಗಾಗಲು ಬಿಡಿ. ಕೆಳಗೆ ಬಗ್ಗಿ ನೋಡಿ. ಬೆಳ್ಳಿ ಬಣ್ಣದ ಜಡೆ ಹೆಣೆದಂಥ ಸಣ್ಣ ಹೋಸ್ ಕಾಣುತ್ತದೆ. ಅದರ ಎರಡು ತುದಿಗೂ ವಾಲ್ವ್ ಇರುತ್ತದೆ. ಕೆಲವಕ್ಕೆ ಪ್ಲಾಸ್ಟಿಕ್ ಹಿಡಿ, ಕೆಲವಕ್ಕೆ ಸ್ಕ್ರೂಡ್ರೈವರ್ ಹಾಕುವ ಸೀಳು. ಕೆಲವು ಬಾಯ್ಲರಿನಲ್ಲಿ ಹೋಸ್ ಬದಲು ಕೆಳಗೆ ಒಂದು ಲಿವರ್ ಅಷ್ಟೇ ಇರುತ್ತದೆ. ಹೋಸ್ ಎರಡೂ ಕಡೆ ಬಿಗಿಯಾಗಿದೆಯಾ ನೋಡಿ. ಒಂದು ವಾಲ್ವನ್ನು ಪೂರ್ತಿ ತೆರೆಯಿರಿ. ಎರಡನೆಯದನ್ನು ಕೂದಲೆಳೆಯಷ್ಟು ತಿರುಗಿಸಿ. ಸುಂಯ್ ಅಂತ ನೀರು ಹರಿಯುವ ಸದ್ದು ಬರುತ್ತದೆ. ಕಣ್ಣು ಗೇಜಿನ ಮೇಲಿರಲಿ. ಮುಳ್ಳು ಸ್ವಲ್ಪ ಹೊತ್ತು ಅಲ್ಲಾಡದೆ ಇದ್ದು ಆಮೇಲೆ ಬೇಗ ಏರುತ್ತದೆ. 1.3ಕ್ಕೆ ಬಂದ ಕೂಡಲೇ ಎರಡೂ ವಾಲ್ವ್ ಮುಚ್ಚಿ. ಒಂದು ನಿಮಿಷ ನಿಂತು ಗೇಜ್ ಏರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಜಾಸ್ತಿ ತುಂಬಿಬಿಟ್ಟರೆ ಒಂದು ರೇಡಿಯೇಟರ್ ಬ್ಲೀಡ್ ಮಾಡಿ, ಅಂದರೆ ಅದರ ಮೇಲ್ತುದಿಯ ತಿರುಪಿನಿಂದ ಸ್ವಲ್ಪ ನೀರು ಬಿಟ್ಟು, ಇಳಿಸಿ. ಹೇಗೆ ಅಂತ ಮುಂದೆ ಹೇಳಿದ್ದೇನೆ.

ವರ್ಷಕ್ಕೆ ಒಂದೆರಡು ಸಲ ತುಂಬಿಸುವುದು ಮಾಮೂಲಿ. ವಾರವಾರ ತುಂಬಿಸಬೇಕಾದರೆ ಅದು ರೋಗ. ಪ್ರತಿ ಸಲ ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಹೋಗಿ ರೇಡಿಯೇಟರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಆಗ ಮೂರು ದಿನ ಒಂದು ಚೀಟಿಯಲ್ಲಿ ಬರೆಯಿರಿ: ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಎಷ್ಟು. ಬಿಸಿಯಾದಾಗ 3ರ ಹತ್ತಿರ ಏರಿ, ತಣ್ಣಗಾದಾಗ ಸೊನ್ನೆಗೆ ಇಳಿದರೆ ಎಕ್ಸ್‌ಪ್ಯಾನ್ಷನ್ ವೆಸೆಲ್ ಕೆಟ್ಟಿರುವುದು ಬಹುತೇಕ ಖಚಿತ. ನೀರು ಕಾದರೆ ಹಿಗ್ಗುತ್ತದೆ. ಆ ಹಿಗ್ಗಿಗೆ ಜಾಗ ಕೊಡಲು ಒಂದು ಡಬ್ಬಿ, ನಡುವೆ ರಬ್ಬರ್ ಪೊರೆ, ಆಚೆ ಗಾಳಿ. ಗಾಳಿ ಹೋದರೆ ಜಾಗ ಇಲ್ಲ. ಪ್ರೆಶರ್ 3 ಬಾರ್ ಮುಟ್ಟಿದಾಗ ಸುರಕ್ಷತಾ ವಾಲ್ವ್ ತೆರೆದು ಹೊರಗೋಡೆಯ ತಾಮ್ರದ ಪೈಪಿನಿಂದ ನೀರು ಹೋಗಿಬಿಡುತ್ತದೆ. ಆ ಪೈಪಿನ ಕೆಳಗೆ ಗೋಡೆ ಒದ್ದೆಯಾಗಿದೆಯಾ ನೋಡಿ. ಈ ರಿಪೇರಿ ಇಂಜಿನಿಯರದ್ದು.

ಬಿಸಿಯಾದಾಗ ಜಾಸ್ತಿ ಏರದೆ, ಒಂದೇ ಸಮ ಇಳಿಯುತ್ತಾ ಹೋದರೆ ಸೋರಿಕೆ. ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ಎರಡು ವಾರ ಎಲ್ಲೂ ಒಂದು ಹನಿ ಕಾಣಲಿಲ್ಲ. ಕೊನೆಗೆ ಪ್ರತಿ ರೇಡಿಯೇಟರಿನ ಎರಡೂ ವಾಲ್ವಿಗೆ ಟಿಶ್ಯೂ ಸುತ್ತಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಮಕ್ಕಳ ಕೋಣೆಯದೊಂದು ಮಾತ್ರ ನೆಂದು ಅಂಚಿನಲ್ಲಿ ಹಸಿರು ಕಲೆ ಬಿದ್ದಿತ್ತು. ಬಿಸಿಗೆ ಹನಿ ಆರಿಹೋಗುತ್ತಿದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿನ ನಟ್ಟು ಸ್ಪ್ಯಾನರಿನಲ್ಲಿ ಕಾಲು ಸುತ್ತು ಬಿಗಿ ಮಾಡಿದೆ, ಅಷ್ಟೇ. ಚಾವಣಿಯಲ್ಲಿ ಹಳದಿ ಕಲೆ, ನೆಲದ ಕಾರ್ಪೆಟ್ಟಿನಲ್ಲಿ ಮುಗ್ಗಲು ವಾಸನೆ ಇದ್ದರೆ ಅದೂ ಸುಳಿವೇ.

ಹೆಪ್ಪುಗಟ್ಟಿದ ಪೈಪ್

ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಮಾದರಿಯವೇ. ಹೊಗೆಯಲ್ಲಿನ ಆವಿಯಿಂದಲೂ ಬಿಸಿ ಹೀರಿಕೊಂಡು, ತಣ್ಣಗಾದ ನೀರನ್ನು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಬಿಡುತ್ತವೆ. ಹೊರಗೆ ಸೊನ್ನೆಗಿಂತ ಕೆಳಗೆ ಹೋದರೆ ಆ ಪೈಪಿನೊಳಗೆ ಮಂಜುಗಡ್ಡೆ ಕಟ್ಟುತ್ತದೆ. ನೀರು ಹಿಂದಕ್ಕೆ ತುಂಬಿ ಗುಳುಗುಳು ಅನ್ನುತ್ತದೆ. ಬಾಯ್ಲರ್ ನಿಲ್ಲುತ್ತದೆ. 2010ರ ಡಿಸೆಂಬರಿನಲ್ಲಿ, ಮತ್ತೆ 2018ರ ಫೆಬ್ರವರಿ ಕೊನೆಯ ಚಳಿಯಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಆಯಿತು.

ನೆಲದಲ್ಲಿ ನಿಂತು ಕೈಗೆ ಎಟುಕುವಂತಿದ್ದರೆ ಮಾತ್ರ ಮಾಡಿ. ಏಣಿ ಹತ್ತಬೇಡಿ, ಹೊರಗೆಲ್ಲ ಜಾರುತ್ತದೆ. ಕುದಿಯುವ ನೀರು ಬೇಡ, ಪೈಪ್ ಒಡೆಯುತ್ತದೆ. ಕೈ ತಡೆಯುವಷ್ಟು ಬಿಸಿ ಸಾಕು. ಹೊರಗಿನ ತುದಿ, ಮೊಣಕೈಯಂತೆ ತಿರುಗುವ ಜಾಗ, ಇವುಗಳಲ್ಲೇ ಸಾಮಾನ್ಯವಾಗಿ ಕಟ್ಟಿರುತ್ತದೆ. ಹಾಟ್ ವಾಟರ್ ಬ್ಯಾಗ್ ಕಟ್ಟಿದರೂ ಆಗುತ್ತದೆ. ಆಮೇಲೆ ರೀಸೆಟ್. ಹೊರಗಿನ ಪೈಪ್ ಸಣ್ಣದಿದ್ದರೆ 32 ಮಿಲಿಮೀಟರಿನದು ಹಾಕಿಸಿ, ಮೇಲೆ ಫೋಮ್ ಹೊದಿಸುವುದೇ ಶಾಶ್ವತ ಪರಿಹಾರ.

ಪರದೆಯ ಕೋಡ್

ಕೋಡ್ ಬಂದರೆ ರೀಸೆಟ್ ಒತ್ತುವ ಮೊದಲು ಫೋಟೋ ತೆಗೆಯಿರಿ. ವೈಲಂಟ್ ಬಾಯ್ಲರಿನಲ್ಲಿ ಎಫ್ 22 ಅಂದರೆ ನೀರಿನ ಪ್ರೆಶರ್ ಕಡಿಮೆ, ಎಫ್ 28 ಅಂದರೆ ಹೊತ್ತಿಕೊಳ್ಳಲಿಲ್ಲ. ವೂಸ್ಟರ್ ಬಾಷ್‌ನಲ್ಲಿ ಇಎ ಅಂದರೆ ಉರಿ ಕಾಣಿಸುತ್ತಿಲ್ಲ. ಐಡಿಯಲ್ ಲಾಜಿಕ್‌ನಲ್ಲಿ ಎಫ್ 1 ಅಂದರೆ ಪ್ರೆಶರ್ ಕಡಿಮೆ. ಬ್ಯಾಕ್ಸಿಯಲ್ಲಿ ಇ 119 ಕೂಡ ಅದೇ. ಉಳಿದದ್ದು ಬಾಯ್ಲರ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಕೋಡ್ ಹೇಳುವುದು ಏನಾಯಿತು ಅಂತ. ಯಾಕಾಯಿತು ಅಂತ ಹೇಳುವುದಿಲ್ಲ. 'ಹೊತ್ತಿಕೊಳ್ಳಲಿಲ್ಲ' ಅನ್ನುವುದರ ಹಿಂದೆ ಮುಗಿದ ಗ್ಯಾಸ್ ದುಡ್ಡೂ ಇರಬಹುದು, ಹೆಪ್ಪುಗಟ್ಟಿದ ಪೈಪೂ ಇರಬಹುದು, ಸವೆದ ಕಿಡಿ ಕಡ್ಡಿಯೂ ಇರಬಹುದು. ಒಂದೆರಡು ಸಲ ರೀಸೆಟ್ ಮಾಡಿ ನೋಡಿ. ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಅದು ನಿಮ್ಮ ಸುರಕ್ಷತೆಗಾಗಿಯೇ ನಿಂತಿದೆ.

ಬಾಯ್ಲರ್ ಉರಿಯುತ್ತಿದೆ, ಮನೆ ತಣ್ಣಗಿದೆ

ಈಗ ಕೈಗೆ ಕೆಲಸ. ಹೀಟಿಂಗ್ ಹಾಕಿ ಇಪ್ಪತ್ತು ನಿಮಿಷ ಬಿಡಿ. ಪ್ರತಿ ರೇಡಿಯೇಟರಿನ ಮೇಲೆ, ಕೆಳಗೆ, ಎರಡು ತುದಿಯ ಪೈಪಿಗೆ ಕೈಯಿಟ್ಟು ನೋಡಿ. ಹುಷಾರು, ಪೈಪ್ ಸುಡಬಹುದು.

ಮೇಲೆ ತಣ್ಣಗೆ, ಕೆಳಗೆ ಬಿಸಿ: ಒಳಗೆ ಗಾಳಿ. ಹೀಟಿಂಗ್ ಆಫ್ ಮಾಡಿ, ತಣ್ಣಗಾದ ಮೇಲೆ, ರೇಡಿಯೇಟರಿನ ಮೇಲ್ತುದಿಯ ಚಿಕ್ಕ ಚೌಕ ತಿರುಪಿಗೆ ಬ್ಲೀಡ್ ಕೀ ಹಾಕಿ. ಕೆಳಗೆ ಹಳೆ ಬಟ್ಟೆ ಹಿಡಿದು ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಉಸ್ ಅಂತ ಗಾಳಿ ಹೋಗಿ, ನೀರು ಬಂದ ಕೂಡಲೇ ಮುಚ್ಚಿ. ಪ್ರೆಶರ್ ಇಳಿದಿರುತ್ತದೆ, ಮತ್ತೆ ನೋಡಿ ತುಂಬಿಸಿ. ಅದೇ ರೇಡಿಯೇಟರಿಗೆ ಪದೇ ಪದೇ ಗಾಳಿ ತುಂಬಿದರೆ ಒಳಗೆ ತುಕ್ಕು ಹಿಡಿಯುತ್ತಿರಬಹುದು. ತುಕ್ಕಿನಿಂದ ಹೈಡ್ರೋಜನ್ ಹುಟ್ಟುತ್ತದೆ, ಹಾಗಾಗಿ ಬ್ಲೀಡ್ ಮಾಡುವಾಗ ಹತ್ತಿರ ಬೆಂಕಿ ಬೇಡ.

ಕೆಳಗೆ ನಡುವೆ ತಣ್ಣಗೆ, ಮೇಲೆ ಬಿಸಿ: ತಳದಲ್ಲಿ ಕಪ್ಪು ಗಸಿ. ಅದು ಕಬ್ಬಿಣದ ತುಕ್ಕು, ಅಯಸ್ಕಾಂತಕ್ಕೆ ಅಂಟುತ್ತದೆ. ಒಂದು ರೇಡಿಯೇಟರ್ ಆದರೆ ಬಿಚ್ಚಿ ಹೊರಗೆ ತೊಳೆಯಬಹುದು. ಮನೆಯೆಲ್ಲ ಹಾಗಿದ್ದರೆ ಪವರ್ ಫ್ಲಶ್ (ಯಂತ್ರದಿಂದ ರಭಸವಾಗಿ ನೀರು ಹರಿಸಿ ಒಳಗೆಲ್ಲ ತೊಳೆಯುವುದು) ಮಾಡಿಸಿ, ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಿಸಬೇಕು. ಅದಕ್ಕೆ ನೂರಾರು ಪೌಂಡ್ ಆಗುತ್ತದೆ. ಬಾಯ್ಲರ್ ಕೆಳಗೆ ಅಯಸ್ಕಾಂತದ ಫಿಲ್ಟರ್ ಇದ್ದರೆ ಪ್ರತಿ ಸರ್ವಿಸಿನಲ್ಲೂ ತೊಳೆಸಿ.

ಒಂದೇ ರೇಡಿಯೇಟರ್ ಪೂರ್ತಿ ತಣ್ಣಗೆ, ಉಳಿದವೆಲ್ಲ ಬಿಸಿ: ಬಹುತೇಕ ಪಿನ್ ಅಂಟಿಕೊಂಡಿದೆ. ಅಂಕಿ ಬರೆದ ತಲೆಯಿರುವ ವಾಲ್ವಿಗೆ ಟಿಆರ್‌ವಿ ಅಂತಾರೆ. ಅದನ್ನು ದೊಡ್ಡ ಅಂಕಿಗೆ ತಿರುಗಿಸಿ, ಕೆಳಗಿನ ಬಳೆಯನ್ನು ಕೈಯಿಂದ ಬಿಚ್ಚಿದರೆ ತಲೆ ಕಳಚಿ ಬರುತ್ತದೆ. ನಡುವೆ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಲೋಹದ ಪಿನ್ ಇರುತ್ತದೆ. ಸ್ಪ್ಯಾನರಿನ ಚಪ್ಪಟೆ ಭಾಗದಿಂದ ಒತ್ತಿ. ಎರಡು ಮೂರು ಮಿಲಿಮೀಟರ್ ಇಳಿದು ತಾನಾಗಿ ಮೇಲೆ ಬರಬೇಕು. ಕೆಳಗೇ ಕೂತಿದ್ದರೆ ವಾಲ್ವಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಒಂದು ಹನಿ ಎಣ್ಣೆ ಬಿಟ್ಟು, ಮತ್ತೆ ಒತ್ತಿ ಬಿಡಿ. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ. ಕೆಲವು ವಾಲ್ವುಗಳಲ್ಲಿ ಪಿನ್ ಕೈಗೆ ಬಂದು ಕಪ್ಪು ನೀರು ಕಾರ್ಪೆಟ್ಟಿಗೆ ಚಿಮ್ಮುತ್ತದೆ. ಬೇಸಿಗೆಯಲ್ಲಿ ಈ ವಾಲ್ವುಗಳನ್ನು ಪೂರ್ತಿ ತೆರೆದಿಟ್ಟರೆ ಅಂಟಿಕೊಳ್ಳುವುದು ಕಡಿಮೆ.

ಬಾಯ್ಲರ್ ಹತ್ತಿರದವು ಸುಡುತ್ತವೆ, ದೂರದವು ಉಗುರುಬೆಚ್ಚಗೆ: ನೀರು ಸುಲಭದ ದಾರಿಯಲ್ಲೇ ಹೋಗುತ್ತಿದೆ. ರೇಡಿಯೇಟರಿನ ಇನ್ನೊಂದು ತುದಿಯ ಟೋಪಿ ತೆಗೆದರೆ ನೀರಿನ ಹರಿವು ಹೊಂದಿಸುವ ಲಾಕ್‌ಶೀಲ್ಡ್ ವಾಲ್ವ್ ಇದೆ. ಹತ್ತಿರದವನ್ನು ಕಾಲು ಕಾಲು ಸುತ್ತು ಮುಚ್ಚುತ್ತಾ, ದೂರದವನ್ನು ತೆರೆಯುತ್ತಾ ಹೋಗಿ. ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಿ. ಒಂದು ಭಾನುವಾರ ಪೂರ್ತಿ ಹಿಡಿಯುತ್ತದೆ.

ಎಲ್ಲವೂ ತಣ್ಣಗೆ, ಬಾಯ್ಲರ್ ಮಾತ್ರ ಎರಡು ನಿಮಿಷ ಉರಿದು ಆರುತ್ತದೆ: ಬಾಯ್ಲರ್ ಕೆಳಗಿನ ದಪ್ಪ ಪೈಪುಗಳನ್ನು ಮುಟ್ಟಿ. ಹೋಗುವ ಪೈಪ್ ಸುಡುತ್ತಿದ್ದು ಬರುವ ಪೈಪ್ ತಣ್ಣಗಿದ್ದರೆ ನೀರು ಸುತ್ತುತ್ತಿಲ್ಲ. ಪಂಪು ಕೆಟ್ಟಿದೆ, ಗಾಳಿ ಹಿಡಿದಿದೆ, ಇಲ್ಲವೇ ದಾರಿಯಲ್ಲಿ ವಾಲ್ವ್ ಮುಚ್ಚಿದೆ. ಕಾಂಬಿಯ ಪಂಪು ಒಳಗಿರುವುದರಿಂದ ಇಲ್ಲಿಂದ ಮುಂದೆ ಇಂಜಿನಿಯರ್.

ಸಿಲಿಂಡರ್ ಇರುವ ಮನೆಯಲ್ಲಿ ಕಬೋರ್ಡಿನಲ್ಲಿ ಚಿಕ್ಕ ಪೆಟ್ಟಿಗೆಯಂಥ ಮೋಟಾರು ವಾಲ್ವ್ ಇರುತ್ತದೆ, ಪಕ್ಕದಲ್ಲಿ ಒಂದು ಲಿವರ್. ಥರ್ಮೋಸ್ಟಾಟ್ ಬಿಸಿ ಕೇಳುತ್ತಿರುವಾಗಲೂ ವಾಲ್ವಿನ ಒಂದು ಬದಿ ಸುಡುತ್ತಿದ್ದು ಇನ್ನೊಂದು ಬದಿ ತಣ್ಣಗಿದ್ದರೆ ಅದೇ ಅಪರಾಧಿ. ಅಟ್ಟದ ಟ್ಯಾಂಕ್ ಇರುವ ಹಳೆ ಮಾದರಿಯಲ್ಲಿ ಮಹಡಿಯ ರೇಡಿಯೇಟರುಗಳೆಲ್ಲ ತಣ್ಣಗಿದ್ದರೆ ಅಟ್ಟದ ಚಿಕ್ಕ ಟ್ಯಾಂಕಿನಲ್ಲಿ ನೀರಿದೆಯಾ ನೋಡಿ. ಫ್ಲೋಟ್ ಅಂಟಿಕೊಂಡು ಒಣಗಿರಬಹುದು.

ಕೆಟಲ್ ಕುದಿಯುವಂಥ ಗೊರಗೊರ ಸದ್ದು ಬಾಯ್ಲರಿನಿಂದ ಬಂದರೆ ಒಳಗೆ ಸುಣ್ಣ ಅಥವಾ ಗಸಿ ಕಟ್ಟಿ, ನೀರು ಅಲ್ಲಲ್ಲೇ ಕುದಿಯುತ್ತಿದೆ ಅಂತ. ತಡ ಮಾಡಬೇಡಿ.

ಇಂಜಿನಿಯರ್ ಕರೆಯುವಾಗ

ಬಾಯ್ಲರಿನ ಹೆಸರು ಮತ್ತು ಮಾದರಿ, ಕೋಡ್, ತಣ್ಣಗೆ ಮತ್ತು ಬಿಸಿ ಇದ್ದಾಗಿನ ಪ್ರೆಶರ್, ನಲ್ಲಿ ಪರೀಕ್ಷೆಯಲ್ಲಿ ಏನಾಯಿತು. ಈ ನಾಲ್ಕು ಹೇಳಿದರೆ ಅವರು ಸರಿಯಾದ ಭಾಗ ಹಿಡಿದುಕೊಂಡೇ ಬರಬಹುದು. ಬಂದವರ ಗ್ಯಾಸ್ ಸೇಫ್ ಕಾರ್ಡ್ ಕೇಳಿ ನೋಡಿ, ಅದರಲ್ಲಿ ಸಂಕೋಚ ಬೇಡ. ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಕಾರ್ಡಿನ ಹಿಂದೆ ಬರೆದಿರುತ್ತದೆ.

ಬಾಡಿಗೆಗೆ ಇದ್ದರೆ ಫೋನಿನ ಜೊತೆ ಈಮೇಲಿನಲ್ಲೂ ಬರೆಯಿರಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಯ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆ ಸರಿಯಾಗಿಡುವುದು 1985ರ ಬಾಡಿಗೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮಾಲೀಕರ ಕರ್ತವ್ಯ. ಅವರು ಒದಗಿಸಿದ ಬಾಯ್ಲರಿಗೆ ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತೆ ಪರೀಕ್ಷೆ ಮಾಡಿಸಿ, 28 ದಿನದೊಳಗೆ ಅದರ ಪತ್ರ ನಿಮಗೆ ಕೊಡಬೇಕು. ಹೊಸದಾಗಿ ಬಂದವರು ಕೇಳಲು ಹಿಂಜರಿಯುತ್ತಾರೆ. ದಯವಿಟ್ಟು ಕೇಳಿ. ಮಗುವೋ ವಯಸ್ಸಾದ ಅಪ್ಪ ಅಮ್ಮನೋ ಮನೆಯಲ್ಲಿದ್ದರೆ ಅದನ್ನೂ ಬರೆಯಿರಿ.

ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಹೀಟಿಂಗ್ ಪೂರ್ತಿ ಆಫ್ ಮಾಡಿ ಹೋಗಬೇಡಿ. ಥರ್ಮೋಸ್ಟಾಟ್ 12ರಿಂದ 15ರ ನಡುವೆ ಇಟ್ಟು, ದಿನವಿಡೀ ಹಾಗೇ ಬಿಡಿ. ಪ್ರೀಪೇ ಮೀಟರಿನಲ್ಲಿ ದುಡ್ಡು ತುಂಬಿಸಿ. ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಟ್ಟು, ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ತೋರಿಸಿ ಹೋಗಿ. ಎಷ್ಟೋ ಮನೆಗಳಲ್ಲಿ ಅದು ಸಿಂಕ್ ಕೆಳಗೆ, ಪಾತ್ರೆ ಸೋಪಿನ ಡಬ್ಬಿಗಳ ಹಿಂದೆ ಇರುತ್ತದೆ.